ಅಮ್ಹಾರಾದ ಬಾವಿಗಳು: ದುಡ್ಡು ಊರವರ ಕೈಗೇ ಕೊಟ್ಟ ಅನುಭವ

ಇಥಿಯೋಪಿಯದ ಅಮ್ಹಾರಾ ಪ್ರಾಂತ್ಯದಲ್ಲಿ ಫಿನ್ಲೆಂಡ್ ನೆರವಿನ ಕುಡಿಯುವ ನೀರಿನ ಯೋಜನೆಯೊಂದರಲ್ಲಿ ನಾನು ಎಂಜಿನಿಯರ್ ಆಗಿದ್ದೆ. ಕಚೇರಿ ಬಹಿರ್ ದಾರ್‌ನಲ್ಲಿ, ಓಡಾಟವೆಲ್ಲ ಹಳ್ಳಿಗಳಲ್ಲಿ. ಎರಡು ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು ಅಂತ ಪೇಪರ್‌ನಲ್ಲಿ ಓದುತ್ತೇವಲ್ವಾ? ಆಮೇಲೆ ಏನಾಗುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದು ಅಲ್ಲೇ.

ಫಿನ್ಲೆಂಡ್ ಅಮ್ಹಾರಾದಲ್ಲಿ ನೀರಿನ ಕೆಲಸ ಶುರು ಮಾಡಿದ್ದು 1994ರಲ್ಲಿ. ಮೊದಮೊದಲು ಯೋಜನೆಯವರೇ ಬಾವಿ ಕಟ್ಟಿಸಿಕೊಡುತ್ತಿದ್ದರು. 2003ರ ಹೊತ್ತಿಗೆ ಬೇರೆ ದಾರಿ ಹಿಡಿದರು. ಬಾವಿಯ ಹಣ ಅಲ್ಲಿನ ಸಾಲ-ಉಳಿತಾಯ ಸಂಸ್ಥೆಯ ಮೂಲಕ ನೇರವಾಗಿ ಊರಿನ ನೀರು ಸಮಿತಿಗೆ ಹೋಗತೊಡಗಿತು. 2011ರಲ್ಲಿ ಶುರುವಾದ ಕೊವಾಶ್ ಎಂಬ ನೀರು-ನೈರ್ಮಲ್ಯ ಯೋಜನೆ ಇದನ್ನು ಬೇರೆ ಪ್ರಾಂತ್ಯಗಳಿಗೂ ಒಯ್ದಿತು. ಅದರಲ್ಲಿ ಫಿನ್ಲೆಂಡ್ ಹಣ ಹೆಚ್ಚಾಗಿ ತರಬೇತಿಗೆ. ಬಾವಿ ಕಟ್ಟುವ ಖರ್ಚಿನ ದೊಡ್ಡ ಪಾಲು ಇಥಿಯೋಪಿಯ ಸರ್ಕಾರದ್ದೇ. ನನಗೆ ಈ ಏರ್ಪಾಡು ತುಂಬಾ ಹಿಡಿಸಿತು. ನೆರವು ಪಡೆಯುವ ದೇಶ ತನ್ನ ಬಜೆಟ್‌ನಿಂದಲೂ ದುಡ್ಡು ಹಾಕಿದಾಗ ಕೆಲಸದ ಮೇಲೆ ಅದಕ್ಕೂ ಹಕ್ಕಿರುತ್ತದೆ.

ನಾನು ಕೆಲಸ ಮಾಡುತ್ತಿದ್ದುದು ಹೀಗೆ. ಊರವರ ಅರ್ಜಿ ಬಂದ ಮೇಲೆಯೇ ಜಾಗ ನೋಡಲು ಹೋಗುವುದು. ಬೇಸಿಗೆ ಮುಗಿಯುವ ಹೊತ್ತಿಗೂ ಯಾವ ಒರತೆ ಬತ್ತುವುದಿಲ್ಲ ಅಂತ ಮೊದಲು ಕೇಳುತ್ತಿದ್ದೆ. ಸರಿಯಾದ ಉತ್ತರ ಸಿಗುತ್ತಿದ್ದುದು ನೀರು ಹೊರುವ ಹೆಂಗಸರಿಂದ. ಸಮಿತಿಯಲ್ಲೂ ಅರ್ಧ ಜನ ಹೆಂಗಸರಿರಬೇಕು ಅನ್ನುವುದು ಗುರಿ. ಮುಂದಿನ ರಿಪೇರಿಗೆ ಅಂತ ಊರವರು ಒಂದಿಷ್ಟು ಬಿರ್ (ಇಥಿಯೋಪಿಯದ ನಾಣ್ಯ) ಮೊದಲೇ ಉಳಿತಾಯ ಖಾತೆಗೆ ಕಟ್ಟಬೇಕಿತ್ತು. ಆಮೇಲೆ ಮೇಸ್ತ್ರಿ ಯಾರು, ಸಿಮೆಂಟ್ ಎಲ್ಲಿಂದ, ಎಲ್ಲವೂ ಸಮಿತಿಯದೇ ತೀರ್ಮಾನ. ರಸೀದಿಗಳನ್ನು ಊರ ಸಭೆಯಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದೆ. ಒಂದು ಚೀಲ ಸಿಮೆಂಟ್ ಲೆಕ್ಕಕ್ಕೂ ಪ್ರಶ್ನೆ ಬರುತ್ತಿತ್ತು. ಬರಲೇಬೇಕು.

ಪಂಪಿನ ಪಾಠಕ್ಕೆ ಜಾಸ್ತಿ ಸಮಯ ಇಡುತ್ತಿದ್ದೆ. ನಮ್ಮ ಕರ್ನಾಟಕದ ಹಳ್ಳಿಗಳಲ್ಲಿ ಕಾಣುವ ಇಂಡಿಯಾ ಮಾರ್ಕ್ 2 ಕೈಪಂಪಿನಲ್ಲಿ ವಾಷರ್ ಬದಲಿಸಲು ಇಡೀ ಕಬ್ಬಿಣದ ಪೈಪ್ ಮೇಲೆತ್ತಬೇಕು, ಅದಕ್ಕೆ ತಂಡವೇ ಬೇಕು. ಅಲ್ಲಿ ಹಾಕುತ್ತಿದ್ದ ಆಫ್ರಿದೇವ್ ಪಂಪಿಗೆ ಒಂದು ಸ್ಪ್ಯಾನರ್ ಸಾಕು. ಮುಚ್ಚಳ ಬಿಚ್ಚಿ, ಕೊಕ್ಕೆಯಂತೆ ಒಂದಕ್ಕೊಂದು ಸಿಕ್ಕಿಸಿದ ಸರಳುಗಳನ್ನು ಕೈಯಿಂದಲೇ ಎಳೆದರೆ ಪಿಸ್ಟನ್ ಮೇಲೆ ಬರುತ್ತದೆ. ಪೈಪ್ ಇದ್ದಲ್ಲೇ ಇರುತ್ತದೆ. ಸವೆದ ರಬ್ಬರ್ ಸೀಲ್ ತೆಗೆದು ಹೊಸದು ಹಾಕಿದರೆ ಆಯಿತು. ನಾನು ಒಮ್ಮೆ ಮಾಡಿ ತೋರಿಸಿ ಪಕ್ಕಕ್ಕೆ ನಿಲ್ಲುತ್ತಿದ್ದೆ. ಸಮಿತಿಯ ಹೆಂಗಸರು ತಾವೇ ಬಿಚ್ಚಿ, ಜೋಡಿಸಿ, ನೀರು ಬರಿಸುವವರೆಗೆ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ.

ತೊಂದರೆ ಇದ್ದದ್ದು ಬಿಡಿ ಭಾಗಗಳದ್ದು. ಖಾತೆಯಲ್ಲಿ ದುಡ್ಡಿದೆ, ಬಿಚ್ಚಲೂ ಬರುತ್ತದೆ, ಆದರೆ ಆ ಚಿಕ್ಕ ರಬ್ಬರ್ ಸೀಲ್ ಹತ್ತಿರದ ಪೇಟೆಯಲ್ಲಿ ಸಿಗದಿದ್ದರೆ ಪಂಪು ಸುಮ್ನೆ ನಿಂತಿರುತ್ತದೆ. ಅದಕ್ಕೇ ಇಂಥ ಯೋಜನೆ ಬರೆಯುವವರಿಗೆ ನಾನು ಹೇಳುವುದಿಷ್ಟು: ತರಬೇತಿಗೆ ಹಣ ಇಡುವಾಗಲೇ ಪೇಟೆಯಲ್ಲಿ ಸೀಲ್ ಮಾರುವ ಅಂಗಡಿಯವನಿಗೂ ಮೊದಲ ದಾಸ್ತಾನಿಗೆ ಒಂದಿಷ್ಟು ಸಾಲ ಇಡಿ.