ನಾಯಿಗೆ ಆಪರೇಷನ್ ಮಾಡಿಸುವ ಮುಂಚೆ ಬಿಲ್ ಓದುವುದನ್ನು ಕಲಿಯಿರಿ

"ಆಪರೇಷನ್‌ಗೆ ಎಷ್ಟಾಗುತ್ತೆ ಡಾಕ್ಟ್ರೇ?" ಎಂದು ಫೋನಿನಲ್ಲಿ ಕೇಳಿದ್ದೆ. ಅವರು ಹೇಳಿದ ಮೊತ್ತ ಜೇಬಿನಲ್ಲಿಟ್ಟುಕೊಂಡು ನಮ್ಮ ಹೆಣ್ಣು ನಾಯಿಯನ್ನು ಸಂತಾನಹರಣದ ಆಪರೇಷನ್‌ಗೆ ಕರೆದುಕೊಂಡು ಹೋದೆ. ಸಂಜೆ ಬಿಲ್ ಕೈಗೆ ಬಂದಾಗ ಹೆಚ್ಚು ಕಡಿಮೆ ಎರಡರಷ್ಟಾಗಿತ್ತು. ಮೋಸ ಏನೂ ಇರಲಿಲ್ಲ. ಫೋನಿನಲ್ಲಿ ಹೇಳಿದ್ದು ಶಸ್ತ್ರಚಿಕಿತ್ಸೆಯ ಶುಲ್ಕ ಮಾತ್ರ. ರಕ್ತ ಪರೀಕ್ಷೆ, ಡ್ರಿಪ್, ನೋವಿನ ಔಷಧಿ, ಕೊರಳಿಗೆ ಹಾಕುವ ಕೋನ್, ಹೊಲಿಗೆ ಬಿಚ್ಚುವುದು, ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ, ಅಷ್ಟೇ.

ಸಂತಾನಹರಣ ಶಸ್ತ್ರಚಿಕಿತ್ಸೆಗೆ ಇಷ್ಟೇ ಖರ್ಚು ಎಂದು ಒಂದು ಅಂಕಿ ಹೇಳುವುದು ಕಷ್ಟ. ಒಂದೇ ರಸ್ತೆಯ ಎರಡು ಕ್ಲಿನಿಕ್‌ಗಳಲ್ಲೂ ದರ ಬೇರೆ ಇರುತ್ತದೆ. ಆದರೆ ಆ ಅಂಕಿ ಹೇಗೆ ಹುಟ್ಟುತ್ತದೆ ಅನ್ನುವುದು ಎಲ್ಲ ಕಡೆಯೂ ಒಂದೇ. ಅದು ಗೊತ್ತಿದ್ದರೆ ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಲೇಬಾರದು ಎಂಬುದೂ ಗೊತ್ತಾಗುತ್ತದೆ.

ಹೆಜ್ಜೆ 1: ಮೊದಲು ನಿಮ್ಮ ನಾಯಿಯನ್ನು ತೂಗಿ

ಬಿಲ್ ಏರಿಸುವ ಮೊದಲ ಸಂಗತಿ ಗಂಡೋ ಹೆಣ್ಣೋ ಎಂಬುದು. ಗಂಡಿನ ಬೀಜ ದೇಹದ ಹೊರಗಿರುತ್ತವೆ. ಸಣ್ಣ ಗಾಯ, ಬೇಗ ಮುಗಿಯುವ ಕೆಲಸ. ಹೆಣ್ಣಿಗೆ ಹೊಟ್ಟೆ ತೆರೆಯಬೇಕು. ಅಂಡಾಶಯಗಳನ್ನು, ಸಾಮಾನ್ಯವಾಗಿ ಗರ್ಭಕೋಶವನ್ನೂ, ತೆಗೆಯಬೇಕು. ದಪ್ಪ ರಕ್ತನಾಳಗಳನ್ನು ಕಟ್ಟಬೇಕು. ಆಮೇಲೆ ಹೊಟ್ಟೆಯನ್ನು ಪದರ ಪದರವಾಗಿ ಹೊಲಿಯಬೇಕು. ಹಾಗಾಗಿ ಹೆಣ್ಣು ನಾಯಿಗೆ ಖರ್ಚು ಜಾಸ್ತಿ. ಇದರಲ್ಲಿ ಚೌಕಾಸಿಗೆ ಜಾಗವಿಲ್ಲ.

ಎರಡನೆಯದು ತೂಕ. ಅರಿವಳಿಕೆ ಮದ್ದು, ನೋವಿನ ಮದ್ದು, ಆಂಟಿಬಯಾಟಿಕ್ ಎಲ್ಲವನ್ನೂ ಕೊಡುವುದು ಕಿಲೋ ಲೆಕ್ಕದಲ್ಲಿ. 5 ಕಿಲೋ ನಾಯಿಗೂ 40 ಕಿಲೋ ನಾಯಿಗೂ ಒಂದೇ ದರ ಹೇಳಿದರೆ ನನಗೆ ಸ್ವಲ್ಪ ಅನುಮಾನ ಬರುತ್ತದೆ. ಮನೆಯಲ್ಲೇ ತೂಗುವುದು ಸುಲಭ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಂತು ಕಳೆಯಿರಿ. ದೊಡ್ಡ ನಾಯಿ ಆದರೆ ಆ ಸಾಹಸ ಬೇಡ, ಕ್ಲಿನಿಕ್‌ನಲ್ಲೇ ತೂಗಿಸಿ.

ಗಂಡು ಮರಿಯಾದರೆ ಇನ್ನೊಂದು ವಿಷಯ ನೋಡಿ. ಎರಡೂ ಬೀಜ ಕೆಳಗಿಳಿದಿವೆಯೇ? ಸಾಮಾನ್ಯವಾಗಿ 2 ತಿಂಗಳ ಹೊತ್ತಿಗೆ ಇಳಿದಿರುತ್ತವೆ. 6 ತಿಂಗಳಾದರೂ ಒಂದು ಕೈಗೆ ಸಿಗುತ್ತಿಲ್ಲ ಎಂದರೆ ಅದು ತೊಡೆಸಂದಿಯಲ್ಲೋ ಹೊಟ್ಟೆಯೊಳಗೋ ಉಳಿದುಕೊಂಡಿದೆ ಎಂದರ್ಥ. ಅದನ್ನು ಹುಡುಕಿ ತೆಗೆಯಬೇಕು. ಆಗ ಗಂಡಿನ ಖರ್ಚು ಹೆಣ್ಣಿನ ಖರ್ಚಿನ ಹತ್ತಿರ ಬರುತ್ತದೆ, ಕೆಲವೊಮ್ಮೆ ಮೀರುತ್ತದೆ. ಹಾಗಂತ ಬಿಡುವ ಹಾಗಿಲ್ಲ. ಒಳಗೇ ಉಳಿದ ಬೀಜದಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಬಹಳ ಹೆಚ್ಚು.

ಪಗ್, ಬುಲ್‌ಡಾಗ್ ತರಹದ ಚಪ್ಪಟೆ ಮೂಗಿನ ನಾಯಿಗಳಿಗೂ ಬಿಲ್ ಜಾಸ್ತಿ ಬರಬಹುದು. ಅವುಗಳ ಉಸಿರಿನ ದಾರಿಯೇ ಇಕ್ಕಟ್ಟು. ಅರಿವಳಿಕೆ ಕೊಡುವಾಗಲೂ, ಎಚ್ಚರವಾಗುವಾಗಲೂ ಪಕ್ಕದಲ್ಲೇ ಒಬ್ಬರು ಕಾಯುತ್ತಿರಬೇಕು.

ಹೆಜ್ಜೆ 2: ಸಮಯ ನೋಡಿಕೊಳ್ಳಿ

ಹಣ ಉಳಿಸುವ ಅತಿ ಸುಲಭದ ದಾರಿ ಕ್ಯಾಲೆಂಡರ್. ಬೆದೆಗೆ ಬಂದಿರುವ ಹೆಣ್ಣು ನಾಯಿಯ ಗರ್ಭಕೋಶದಲ್ಲಿ ರಕ್ತ ತುಂಬಿಕೊಂಡಿರುತ್ತದೆ. ರಕ್ತಸ್ರಾವದ ಅಪಾಯ ಹೆಚ್ಚು, ಕೆಲಸವೂ ಹೆಚ್ಚು. ಅನೇಕ ಕ್ಲಿನಿಕ್‌ಗಳು ಇದಕ್ಕೆ ಹೆಚ್ಚುವರಿ ಶುಲ್ಕ ಹಾಕುತ್ತವೆ, ಇಲ್ಲವೇ ಆಮೇಲೆ ಬನ್ನಿ ಅನ್ನುತ್ತವೆ. ಬೆದೆ ಸುಮಾರು 3 ವಾರ ಇರುತ್ತದೆ. ಅದು ಮುಗಿದ ಮೇಲೆ 2ರಿಂದ 3 ತಿಂಗಳು ಕಾಯುವುದು ರೂಢಿ. ಬೆದೆ ಶುರುವಾದ ದಿನವನ್ನು ಬರೆದಿಟ್ಟುಕೊಂಡರೆ ಈ ಲೆಕ್ಕ ತಪ್ಪುವುದಿಲ್ಲ. ಗಬ್ಬವಾಗಿದ್ದರಂತೂ ಬಿಲ್ ಇನ್ನೂ ಮೇಲೆ.

ಯಾವ ವಯಸ್ಸಿಗೆ ಮಾಡಿಸಬೇಕು? ಇದಕ್ಕೆ ಒಂದೇ ಉತ್ತರ ಇಲ್ಲ, ಈಚೆಗೆ ವೈದ್ಯರ ಅಭಿಪ್ರಾಯವೂ ಬದಲಾಗುತ್ತಿದೆ. ಸಣ್ಣ ತಳಿಗಳಿಗೆ 6 ತಿಂಗಳ ಆಸುಪಾಸು ಎನ್ನುವವರು ಹೆಚ್ಚು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳಿಗೆ ಮೂಳೆ, ಕೀಲು ಬಲಿಯಲಿ ಎಂದು ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಕಾಯಲು ಹೇಳುತ್ತಾರೆ. ದೊಡ್ಡ ತಳಿ ಬೆಳೆಯುತ್ತಾ ಹೋದಂತೆ ತೂಕವೂ ಏರುತ್ತದೆ, ಬಿಲ್ಲೂ ಏರುತ್ತದೆ. ಹಣ ಉಳಿಯುತ್ತದೆ ಎಂದ ಮಾತ್ರಕ್ಕೆ ಅವಸರ ಮಾಡಬೇಡಿ. ಹಾಳಾದ ಕೀಲಿನ ಚಿಕಿತ್ಸೆ ಇದಕ್ಕಿಂತ ದುಬಾರಿ.

ಹೆಜ್ಜೆ 3: ಫೋನಿನಲ್ಲಿ ಇದನ್ನು ಕೇಳಿ

"ಎಷ್ಟಾಗುತ್ತೆ?" ಅನ್ನುವುದು ಅರ್ಧ ಪ್ರಶ್ನೆ. ಪೂರ್ತಿ ಪ್ರಶ್ನೆ ಹೀಗಿರಲಿ: "ನಮ್ಮದು ಇಷ್ಟು ಕಿಲೋ ತೂಕದ, ಇಷ್ಟು ವಯಸ್ಸಿನ ಹೆಣ್ಣು ನಾಯಿ. ಮೊದಲ ತಪಾಸಣೆಯಿಂದ ಹೊಲಿಗೆ ಬಿಚ್ಚುವ ತನಕ ಒಟ್ಟು ಎಷ್ಟಾಗುತ್ತೆ? ಅದರಲ್ಲಿ ಏನೇನು ಸೇರಿದೆ, ಏನು ಸೇರಿಲ್ಲ?"

ಆಮೇಲೆ ಒಂದೊಂದಾಗಿ ಕೇಳಿ. ರಕ್ತ ಪರೀಕ್ಷೆ ಸೇರಿದೆಯೇ? ಅರಿವಳಿಕೆ ಚುಚ್ಚುಮದ್ದಿನದೋ, ಗ್ಯಾಸಿನದೋ? ಆಪರೇಷನ್ ಸಮಯದಲ್ಲಿ ಡ್ರಿಪ್ ಹಾಕುತ್ತಾರೆಯೇ? ಮನೆಗೆ ಕೊಡುವ ನೋವಿನ ಮದ್ದು ಎಷ್ಟು ದಿನದ್ದು? ಕೋನ್ ಅವರೇ ಕೊಡುತ್ತಾರೆಯೇ? ಹೊಲಿಗೆ ತಾನೇ ಕರಗುವ ದಾರದ್ದೋ, ಬಿಚ್ಚಿಸಬೇಕಾದದ್ದೋ? ರಾತ್ರಿ ಉಳಿಸಿಕೊಂಡರೆ ಅದಕ್ಕೆ ಬೇರೆ ಶುಲ್ಕವೇ? ಕೊನೆಗೆ, ಎಲ್ಲರೂ ಮರೆಯುವ ಪ್ರಶ್ನೆ ಒಂದಿದೆ: ಹೊಲಿಗೆ ಬಿಟ್ಟರೆ, ಗಾಯ ಕೀವಾದರೆ ಮತ್ತೆ ನೋಡುವುದಕ್ಕೆ ದುಡ್ಡು ಕೊಡಬೇಕೇ?

ಗ್ಯಾಸ್ ಅರಿವಳಿಕೆಗೆ ಯಂತ್ರ ಬೇಕು, ಆಮ್ಲಜನಕ ಬೇಕು, ಗಂಟಲಿಗೆ ನಳಿಕೆ ಹಾಕಬೇಕು. ಅದಕ್ಕೇ ಬೆಲೆ ಜಾಸ್ತಿ. ಅದರ ಅನುಕೂಲ ಏನೆಂದರೆ, ಎಷ್ಟು ಆಳದ ನಿದ್ದೆ ಬೇಕೋ ಅಷ್ಟಕ್ಕೆ ಆಗಿಂದಾಗ್ಗೆ ಹೊಂದಿಸಬಹುದು, ಬೇಗ ಎಬ್ಬಿಸಬಹುದು. ಎಳೆಯ, ಆರೋಗ್ಯವಂತ ಗಂಡು ನಾಯಿಗೆ ನುರಿತ ವೈದ್ಯರ ಕೈಯಲ್ಲಿ ಚುಚ್ಚುಮದ್ದಿನ ಅರಿವಳಿಕೆಯೂ ಸಾಕಾಗುತ್ತದೆ. ವಯಸ್ಸಾದ ನಾಯಿ, ಹೃದಯದ ತೊಂದರೆ ಇರುವ ನಾಯಿ, ಚಪ್ಪಟೆ ಮೂಗಿನ ನಾಯಿ ಆದರೆ ನಾನಂತೂ ಗ್ಯಾಸ್ ಇರುವ ಕಡೆಗೇ ಹೋಗುತ್ತೇನೆ.

ಕೆಲವು ಕಡೆ ಲ್ಯಾಪರೊಸ್ಕೋಪಿ, ಅಂದರೆ ಕ್ಯಾಮೆರಾ ಇಳಿಸಿ ಸಣ್ಣ ತೂತುಗಳಿಂದ ಮಾಡುವ ವಿಧಾನ ಇದೆ. ಗಾಯ ಚಿಕ್ಕದು, ನೋವು ಕಡಿಮೆ, ಬಿಲ್ ದೊಡ್ಡದು. ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಚಿಂತೆಯಿಲ್ಲ.

ಸಾಧ್ಯವಾದರೆ ಅಂದಾಜು ಪಟ್ಟಿಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಮೂರು ಕಡೆ ಕೇಳಿದರೆ ಸಾಕು, ಹತ್ತು ಕಡೆ ಸುತ್ತಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಹೋಲಿಸುವಾಗ ಕೆಳಗಿನ ಮೊತ್ತ ನೋಡುವ ಮುಂಚೆ ಸಾಲುಗಳನ್ನು ನೋಡಿ. ಅಗ್ಗ ಅನ್ನಿಸಿದ ಕಡೆ ನಾಲ್ಕು ಸಾಲೇ ಮಾಯವಾಗಿರುತ್ತವೆ. ದುಬಾರಿ ಅನ್ನಿಸಿದ ಕಡೆ ಎಲ್ಲವೂ ಸೇರಿರುತ್ತದೆ.

ಹೆಜ್ಜೆ 4: ಎಲ್ಲಿ ಮಾಡಿಸುವುದು?

ಖಾಸಗಿ ಕ್ಲಿನಿಕ್ ಒಂದೇ ದಾರಿಯಲ್ಲ. ಸರ್ಕಾರಿ ಪಶು ಆಸ್ಪತ್ರೆ, ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಪ್ರಾಣಿ ದಯಾ ಸಂಸ್ಥೆಗಳ ಶಿಬಿರ ಇವೆಲ್ಲ ಇರುವ ಕಡೆ ಖರ್ಚು ತುಂಬಾ ಇಳಿಯುತ್ತದೆ. ಅಗ್ಗ ಅಂದ ತಕ್ಷಣ ಕಳಪೆ ಅಂತಲ್ಲ. ದಿನವಿಡೀ ಇದೊಂದೇ ಆಪರೇಷನ್ ಮಾಡುವ ತಂಡದ ಕೈ ಪಳಗಿರುತ್ತದೆ. ದೇಣಿಗೆ, ಅನುದಾನ ಒಂದಷ್ಟು ಖರ್ಚು ಹೊರುತ್ತದೆ. ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮೇಷ್ಟ್ರ ಕಣ್ಣೆದುರೇ ಮಾಡುತ್ತಾರೆ, ಸಮಯ ಸ್ವಲ್ಪ ಹೆಚ್ಚು ಹಿಡಿಯುತ್ತದೆ ಅಷ್ಟೇ.

ಆದರೆ ಇಂಥ ಕಡೆ ಸರದಿ ಉದ್ದ. ರಾತ್ರಿ ಏನಾದರೂ ಆದರೆ ಫೋನ್ ಎತ್ತುವವರು ಇರುತ್ತಾರೋ ಇಲ್ಲವೋ ಕೇಳಿಕೊಳ್ಳಿ. ಎಳೆಯ, ಗಟ್ಟಿಮುಟ್ಟಾದ ನಾಯಿಗೆ ಶಿಬಿರ ಧಾರಾಳವಾಗಿ ಸಾಕು. ಕಾಯಿಲೆ ಇರುವ, ಮುದಿ ನಾಯಿಗೆ ಬೇಡ.

ಸಾಕುನಾಯಿ ವಿಮೆ ಇದ್ದರೂ ಈ ಖರ್ಚಿಗೆ ಅದನ್ನು ನೆಚ್ಚಿಕೊಳ್ಳಬೇಡಿ. ಇದು ಕಾಯಿಲೆಯ ಚಿಕಿತ್ಸೆಯಲ್ಲ, ನಾವೇ ಬೇಕೆಂದು ಮಾಡಿಸುವುದು ಎಂದು ಹೆಚ್ಚಿನ ಪಾಲಿಸಿಗಳು ಕೈಬಿಡುತ್ತವೆ.

ಉಳಿತಾಯದ ಇನ್ನೊಂದು ಉಪಾಯ ನನಗೆ ತಡವಾಗಿ ಹೊಳೆಯಿತು. ಅರಿವಳಿಕೆ ಒಂದೇ ಸಲ ಕೊಡುವಾಗ ಬಾಕಿ ಕೆಲಸಗಳನ್ನೂ ಮುಗಿಸಬಹುದು. ಹೊಕ್ಕುಳ ಹರ್ನಿಯಾ, ಬೀಳದೆ ಉಳಿದ ಹಾಲುಹಲ್ಲು, ಗುರುತಿಗೆಂದು ಚರ್ಮದಡಿ ಇಡುವ ಮೈಕ್ರೋಚಿಪ್. ನಮ್ಮ ನಾಯಿಯ ಹಾಲುಹಲ್ಲು ಕೀಳಿಸಲು ಆಮೇಲೆ ಮತ್ತೊಮ್ಮೆ ಅರಿವಳಿಕೆ ಕೊಡಿಸಬೇಕಾಯಿತು. ಎರಡು ಸಲ ದುಡ್ಡು, ಎರಡು ಸಲ ಅದಕ್ಕೆ ಒದ್ದಾಟ.

ಹೆಜ್ಜೆ 5: ಇಲ್ಲಿ ಮಾತ್ರ ಕತ್ತರಿ ಹಾಕಬೇಡಿ

ಮೊದಲನೆಯದು ರಕ್ತ ಪರೀಕ್ಷೆ. ಅರಿವಳಿಕೆಯ ಮದ್ದನ್ನು ದೇಹದಿಂದ ಹೊರಹಾಕುವುದು ಮುಖ್ಯವಾಗಿ ಯಕೃತ್ತು ಮತ್ತು ಮೂತ್ರಪಿಂಡ. ಅವು ಸರಿಯಿವೆಯೇ, ರಕ್ತಹೀನತೆ ಇದೆಯೇ ಎಂಬುದು ಹೊರಗಿನಿಂದ ನೋಡಿದರೆ ತಿಳಿಯದು. ಮೈಮೇಲೆ ಉಣ್ಣೆ ಹುಳು ಕಂಡ ನಾಯಿಗಂತೂ ಇದು ಬೇಕೇ ಬೇಕು. ಉಣ್ಣೆ ಹುಳುಗಳಿಂದ ಬರುವ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕುಸಿಯುತ್ತದೆ. ಮೇಲೆ ಚೆನ್ನಾಗಿ ಓಡಾಡಿಕೊಂಡಿರುವ ನಾಯಿಗೆ ಮೇಜಿನ ಮೇಲೆ ರಕ್ತ ನಿಲ್ಲದೆ ಹೋಗಬಹುದು.

ಎರಡನೆಯದು ನೋವಿನ ಮದ್ದು. "ನಾಯಿ ಅಲ್ವಾ, ತಡೆದುಕೊಳ್ಳುತ್ತೆ" ಅನ್ನುವವರು ಇದ್ದಾರೆ. ನಾಯಿ ನೋವನ್ನು ತೋರಿಸುವುದು ಕಡಿಮೆ, ಅನುಭವಿಸುವುದು ಕಡಿಮೆಯಲ್ಲ. ಮನೆಯಲ್ಲಿರುವ ಮಾತ್ರೆಯನ್ನೇ ಕೊಟ್ಟು ಉಳಿಸೋಣ ಎಂದುಕೊಳ್ಳಬೇಡಿ. ನಾವು ನುಂಗುವ ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ.

ಮೂರನೆಯದು ಕೋನ್. ನೋಡಲು ಪಾಪ ಅನ್ನಿಸುತ್ತದೆ. ಗೋಡೆಗೆ, ಬಾಗಿಲಿಗೆ, ನಮ್ಮ ಮೊಣಕಾಲಿಗೆ ಡಿಕ್ಕಿ ಹೊಡೆಯುತ್ತಾ ಓಡಾಡುತ್ತದೆ. ಆದರೆ ಒಂದು ರಾತ್ರಿ ಕೋನ್ ಬಿಚ್ಚಿದರೆ ಸಾಕು, ಬೆಳಗ್ಗೆಯೊಳಗೆ ಹೊಲಿಗೆ ನೆಕ್ಕಿ ಕಿತ್ತುಹಾಕಿರುತ್ತದೆ. ಮತ್ತೆ ಹೊಲಿಸುವ ಖರ್ಚಿನಲ್ಲಿ ಎಷ್ಟೋ ಕೋನ್ ಬರುತ್ತವೆ.

ಮಾಡಿಸದಿದ್ದರೆ ಖರ್ಚೇ ಇಲ್ಲವೇ?

ಆಪರೇಷನ್ ಆಗದ ಹೆಣ್ಣು ನಾಯಿಗಳಲ್ಲಿ ಗರ್ಭಕೋಶಕ್ಕೆ ಕೀವು ತುಂಬುವ ಕಾಯಿಲೆ ಬರುತ್ತದೆ. ಪಯೋಮೆಟ್ರಾ ಎನ್ನುತ್ತಾರೆ. ಬೆದೆ ಮುಗಿದ ಕೆಲವು ವಾರಗಳಲ್ಲಿ ನಾಯಿ ತುಂಬಾ ನೀರು ಕುಡಿಯುತ್ತದೆ, ಊಟ ಬಿಡುತ್ತದೆ, ಮಂಕಾಗುತ್ತದೆ. ವಯಸ್ಸಾದಂತೆ ಅಪಾಯ ಹೆಚ್ಚು. ಸ್ವೀಡನ್‌ನ ವಿಮಾ ದಾಖಲೆಗಳ ಅಧ್ಯಯನದಲ್ಲಿ 10 ವರ್ಷ ತುಂಬುವುದರೊಳಗೆ ಸುಮಾರು ನಾಲ್ಕರಲ್ಲಿ ಒಂದು ಹೆಣ್ಣು ನಾಯಿಗೆ ಇದು ಬಂದದ್ದು ಕಂಡಿತ್ತು. ಆಗಲೂ ತೆಗೆಯುವುದು ಅದೇ ಗರ್ಭಕೋಶ. ಆದರೆ ನಂಜೇರಿದ ನಾಯಿ, ತುರ್ತು ಸಮಯ, ದಿನಗಟ್ಟಲೆ ಆಸ್ಪತ್ರೆ. ಬಿಲ್ ಹಲವು ಪಟ್ಟು, ಜೀವಕ್ಕೂ ಅಪಾಯ ಹೆಚ್ಚು. ಇದರ ಜೊತೆಗೆ ಒಂದು ಸೂಲಿನ ಮರಿಗಳ ಲಸಿಕೆ, ಜಂತುಹುಳದ ಮದ್ದು, ಆಹಾರದ ಲೆಕ್ಕ ಹಾಕಿ ನೋಡಿ.

ಇನ್ನೊಂದು ಪಕ್ಕವನ್ನೂ ಹೇಳಬೇಕು. ಆಪರೇಷನ್ ಆದ ಕೆಲವು ಹೆಣ್ಣು ನಾಯಿಗಳಿಗೆ, ಅದರಲ್ಲೂ ದೊಡ್ಡ ತಳಿಗಳಿಗೆ, ಮುಂದೆ ಮೂತ್ರ ತಡೆಯುವ ಶಕ್ತಿ ಕುಗ್ಗಬಹುದು. ಮದ್ದಿದೆ, ಆದರೆ ಅದೂ ಖರ್ಚೇ. ಗಂಡು ನಾಯಿಗೆ ಈಗಲೇ ಶಾಶ್ವತ ಬೇಡ ಎನ್ನುವವರಿಗೆ ಚರ್ಮದಡಿ ಇಡುವ ಹಾರ್ಮೋನ್ ಇಂಪ್ಲಾಂಟ್ ಸಿಗುತ್ತದೆ. 6 ತಿಂಗಳದ್ದು, 12 ತಿಂಗಳದ್ದು ಎಂದು ಇವೆ. ಪ್ರತಿ ಸಲ ಹಣ ಕೊಡಬೇಕು, ಹಾಗಾಗಿ ವರ್ಷಗಟ್ಟಲೆ ಮುಂದುವರಿಸಿದರೆ ಆಪರೇಷನ್ನೇ ಅಗ್ಗವಾಗುತ್ತದೆ.

ಹೆಜ್ಜೆ 6: ಆ ದಿನ

ಹಿಂದಿನ ರಾತ್ರಿಯಿಂದ ಊಟ ಕೊಡಬೇಡಿ. ನೀರು ಯಾವಾಗ ನಿಲ್ಲಿಸಬೇಕು ಎಂದು ವೈದ್ಯರನ್ನೇ ಕೇಳಿ. ಪುಟ್ಟ ಮರಿಯನ್ನು ಅಷ್ಟು ಹೊತ್ತು ಉಪವಾಸ ಇಡುವಂತಿಲ್ಲ, ಅದರ ಲೆಕ್ಕ ಬೇರೆ. ಯಾರೋ ಬಿಸ್ಕತ್ತು ಹಾಕಿದ್ದಾರೆ ಎಂದು ಗೊತ್ತಾದರೆ ಮುಚ್ಚಿಡಬೇಡಿ. ಮತ್ತಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಸಹಿ ಹಾಕುವ ಮುಂಚೆ ಅಂದಾಜು ಪಟ್ಟಿಯನ್ನು ಇನ್ನೊಮ್ಮೆ ಓದಿ. "ಒಳಗೆ ಏನಾದರೂ ಹೆಚ್ಚಿನ ಕೆಲಸ ಬಿದ್ದರೆ ಮೊದಲು ನನಗೆ ಫೋನ್ ಮಾಡಿ" ಎಂದು ಹೇಳಿ ನಂಬರ್ ಕೊಟ್ಟು ಬನ್ನಿ.

ಹೆಜ್ಜೆ 7: ಮನೆಗೆ ಬಂದ ಮೇಲಿನ ಎರಡು ವಾರ

10ರಿಂದ 14 ದಿನ ಓಟ, ನೆಗೆತ, ಮೆಟ್ಟಿಲು, ಸ್ನಾನ ಯಾವುದೂ ಬೇಡ. ಮೂರನೇ ದಿನಕ್ಕೇ ನಾಯಿ ತನಗೇನೂ ಆಗೇ ಇಲ್ಲ ಎಂಬಂತೆ ಕುಣಿಯಲು ಶುರು ಮಾಡುತ್ತದೆ. ನಾವು ಮೋಸ ಹೋಗುವುದು ಆಗಲೇ. ದಿನಕ್ಕೆ ಎರಡು ಸಲ ಗಾಯ ನೋಡಿ. ಮೊದಲ ದಿನಗಳಲ್ಲಿ ಸ್ವಲ್ಪ ಊತ, ಕೆಂಪು ಇರುತ್ತದೆ. ಕೀವು, ವಾಸನೆ, ತೊಟ್ಟಿಕ್ಕುವ ರಕ್ತ, ಬಿಳಿಚಿದ ಒಸಡು, ಊಟ ಬಿಟ್ಟ ನಾಯಿ ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ.

ಗಂಡು ನಾಯಿ ಮನೆಗೆ ಬಂದ ಮಾರನೇ ದಿನವೇ ನಿಶ್ಚಿಂತೆ ಅಂದುಕೊಳ್ಳಬೇಡಿ. ಒಳಗೆ ಉಳಿದ ವೀರ್ಯದಿಂದ ಇನ್ನೂ ಕೆಲವು ವಾರ ಮರಿ ಹುಟ್ಟಿಸಬಲ್ಲದು. ಅಲ್ಲಿಯವರೆಗೆ ಬೆದೆಗೆ ಬಂದ ಹೆಣ್ಣಿನಿಂದ ದೂರ ಇಡಿ.

ಊಟದ ಅಳತೆಯನ್ನೂ ನೋಡಿಕೊಳ್ಳಿ. ಆಪರೇಷನ್ ಆದ ನಾಯಿಗೆ ಮೊದಲಿನಷ್ಟು ಶಕ್ತಿ ಬೇಕಾಗುವುದಿಲ್ಲ, ಹಸಿವು ಮಾತ್ರ ಹೆಚ್ಚುತ್ತದೆ. ಕಾಲು ಭಾಗದಷ್ಟು ಕಡಿಮೆ ಮಾಡಿ, ತಿಂಗಳಿಗೊಮ್ಮೆ ತೂಗಿ, ಅದಕ್ಕೆ ತಕ್ಕಂತೆ ಹೊಂದಿಸಿ. ಇಡೀ ಪಟ್ಟಿಯಲ್ಲಿ ಖರ್ಚು ಇಳಿಸುವ ಸಾಲು ಇದೊಂದೇ.

ಹೊಲಿಗೆ ಬಿಚ್ಚಿಸಲು ಹೋದ ದಿನ ಪ್ರಮಾಣಪತ್ರ ಕೇಳಿ ಪಡೆಯಿರಿ. ಆಪರೇಷನ್ ಆದ ನಾಯಿಗೆ ಲೈಸೆನ್ಸ್ ಶುಲ್ಕ ಕಡಿಮೆ ಇರುವ ಊರುಗಳಿವೆ, ಅಲ್ಲಿ ಈ ಕಾಗದ ಕೇಳುತ್ತಾರೆ. ಲಸಿಕೆ ಪುಸ್ತಕದೊಳಗೆ ಮಡಚಿಡಿ.