ಬೆಳಕಿಲ್ಲದ ಕಡೆಯ ಬಣ್ಣ: ಆಳಗಡಲಿನ ಹೈಕು ಬರೆದ ನನ್ನ ಅನುಭವ

ಹೈಕು ಎಂದರೆ ಜಪಾನಿನಿಂದ ಬಂದ ಮೂರು ಸಾಲಿನ ಪುಟ್ಟ ಪದ್ಯ. ಆಳಗಡಲಿನ ಜೀವಿಗಳ ಬಣ್ಣವನ್ನು ಕುರಿತು ನಾನು ಬರೆದ ಮೊದಲ ಹೈಕು ಹೀಗಿತ್ತು:

ಕಡಲಾಳದಿ
ಬಣ್ಣಬಣ್ಣದ ಲೋಕ
ಎಂಥ ಸೊಬಗು!

ಮೂರು ಸಾಲುಗಳಿಗೆ ಇರಬೇಕಾದ ಅಕ್ಷರಗಳ ಲೆಕ್ಕ 5–7–5 ಸರಿಯಾಗಿಯೇ ಇದೆ. ಆದರೆ ಮೊದಲ ಸಾಲನ್ನು ತೆಗೆದು ಆ ಜಾಗದಲ್ಲಿ ‘ಹೂದೋಟದಲಿ’ ಎಂದು ಬರೆದರೂ ಪದ್ಯಕ್ಕೆ ಏನೂ ಆಗುವುದಿಲ್ಲ. ಅಂದರೆ ಆ ಪದ್ಯದಲ್ಲಿ ಕಡಲು ಇರಲೇ ಇಲ್ಲ. ಇದೇ ಬಗೆಯ ಹತ್ತಾರು ಪದ್ಯಗಳನ್ನು ಬರೆದು ಹರಿದು ಹಾಕಿದ ಮೇಲೆ, ಕಡಲಿನ ಆಳದಲ್ಲಿ ಬಣ್ಣಕ್ಕೆ ಏನಾಗುತ್ತದೆ ಎಂಬುದನ್ನೇ ತಿಳಿಯದೆ ನಾನು ಬಣ್ಣದ ಪದ್ಯಗಳನ್ನು ಬರೆಯಲು ಹೊರಟಿದ್ದೇನೆ ಎಂಬುದು ಮನಸ್ಸಿಗೆ ಬಂತು. ಹಾಗಾಗಿ ಕೆಲವು ತಿಂಗಳು ಬರವಣಿಗೆಯನ್ನು ಬದಿಗಿಟ್ಟು ಓದಲು ಕುಳಿತೆ.

ಓದಿದಾಗ ಮೊದಲು ತಲೆಕೆಳಗಾದದ್ದು ಕೆಂಪು ಬಣ್ಣದ ಬಗ್ಗೆ ನನಗಿದ್ದ ಕಲ್ಪನೆ. ಬಿಸಿಲು ನೀರಿಗೆ ಇಳಿಯುತ್ತಿದ್ದಂತೆ ನೀರು ಮೊದಲು ಹೀರಿಕೊಳ್ಳುವುದು ಕೆಂಪನ್ನು. ಕೆಲವು ಹತ್ತು ಮೀಟರುಗಳೊಳಗೆ ಅದು ಹೆಚ್ಚುಕಡಿಮೆ ಇಲ್ಲವಾಗುತ್ತದೆ, ಎಲ್ಲಕ್ಕಿಂತ ಆಳಕ್ಕೆ ಇಳಿಯುವುದು ನೀಲಿ. 200 ಮೀಟರಿನ ಕೆಳಗೆ ಉಳಿಯುವುದು ಮುಸ್ಸಂಜೆಯಂಥ ಮಂದ ಬೆಳಕು, 1000 ಮೀಟರಿನ ಕೆಳಗೆ ಸೂರ್ಯನ ಬೆಳಕು ಇಲ್ಲವೇ ಇಲ್ಲ. ಕಡಲಿನ ಸರಾಸರಿ ಆಳವೇ ಸುಮಾರು 3700 ಮೀಟರ್ ಆಗಿರುವಾಗ, ಕಡಲಿನ ಬಹುಪಾಲು ಹಗಲನ್ನೇ ಕಾಣದ ನೀರು ಎಂದಂತಾಯಿತು. ಆ ನೀರಿನಲ್ಲಿ ಕಡುಗೆಂಪು ಸೀಗಡಿಗಳೂ ಕೆಂಪು ಲೋಳೆಮೀನುಗಳೂ (ಜೆಲ್ಲಿಫಿಶ್) ಹೇರಳವಾಗಿವೆ. ಕೆಂಪು ಬೆಳಕೇ ತಲುಪದ ಕಡೆ ಕೆಂಪು ಮೈ ಕಪ್ಪಾಗಿಯೇ ಕಾಣುವುದರಿಂದ, ಮೇಲೆ ಕಣ್ಣಿಗೆ ರಾಚುವ ಆ ಬಣ್ಣ ಅಲ್ಲಿ ಅಡಗಿಕೊಳ್ಳುವ ಉಪಾಯ. ಇದನ್ನು ತಿಳಿಯುವ ಮೊದಲು ನಾನು ಹೀಗೆ ಬರೆದಿದ್ದೆ:

ಕೆಂಪು ಸೀಗಡಿ
ಕತ್ತಲಲಿ ಕೆಂಡವೇ
ಉರಿಯುತಿದೆ

ಕೆಂಡದ ಹೋಲಿಕೆ ನನಗೆ ಬಹಳ ಹಿಡಿಸಿತ್ತು. ಆದರೆ ಅದು ಸುಳ್ಳು. ಸೀಗಡಿಯ ಕೆಂಪು ಅಲ್ಲಿ ಉರಿಯುವುದಿಲ್ಲ, ಆರಿರುತ್ತದೆ. ಆರಿರುವುದರಿಂದಲೇ ಆ ಜೀವ ಉಳಿದಿದೆ. ಅದು ಕೆಂಪಾಗಿ ಕಾಣುವುದು ಸಂಶೋಧನಾ ನೌಕೆಯಿಂದ ಇಳಿಬಿಟ್ಟ ಯಂತ್ರವೊಂದು ತನ್ನ ದೀಪವನ್ನು ಅದರ ಮೇಲೆ ಹಾಯಿಸಿದಾಗ ಮಾತ್ರ. ಹಾಗಾದರೆ ದೀಪವೂ ಪದ್ಯದೊಳಗೆ ಬರಬೇಕು ಎಂದು ತೀರ್ಮಾನಿಸಿದೆ:

ದೀಪ ಹಾಯ್ದಾಗ
ಮಾತ್ರ ಕೆಂಪು ಸೀಗಡಿ—
ಮತ್ತೆ ಕತ್ತಲು

ನನ್ನ ಮಟ್ಟಿಗೆ ಇದು ಮೊದಲ ನಿಜವಾದ ಆಳಗಡಲಿನ ಹೈಕು. ‘ಮಾತ್ರ’ ಎಂಬ ಪದ ಎರಡನೆಯ ಸಾಲಿನ ಆರಂಭಕ್ಕೆ ಬಿದ್ದದ್ದು ಲೆಕ್ಕದ ಒತ್ತಡದಿಂದ. ಆದರೆ ಅಲ್ಲಿ ಓದು ಒಂದು ಗಳಿಗೆ ತಡವರಿಸಿ ಮುಂದೆ ಹೋಗುವುದರಿಂದ ಅದನ್ನು ಹಾಗೆಯೇ ಬಿಟ್ಟೆ. ಅಂದಿನಿಂದ ಪ್ರತಿ ಪದ್ಯಕ್ಕೂ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಿದ್ದೇನೆ: ಈ ಬಣ್ಣವನ್ನು ತೋರಿಸುತ್ತಿರುವ ಬೆಳಕು ಯಾರದು?

ನಾನು ಆಳಗಡಲಿಗೆ ಇಳಿದವನಲ್ಲ, ಇಳಿಯುವ ಸಂಭವವೂ ಇಲ್ಲ. ಕಣ್ಣಾರೆ ಕಂಡದ್ದನ್ನು ಕಂಡಂತೆಯೇ ಬರೆಯುವ ಕ್ರಮವನ್ನು ಜಪಾನಿನ ಕವಿ ಮಸವೋಕ ಶಿಕಿ 19ನೆಯ ಶತಮಾನದ ಕೊನೆಯಲ್ಲಿ ಹೈಕುವಿನ ನಡುವೆ ತಂದು ನಿಲ್ಲಿಸಿದರು. ಕಾಣದ ಜಾಗದ ಬಗ್ಗೆ ಬರೆಯುವವನಿಗೆ ಆ ಕ್ರಮವನ್ನು ಪಾಲಿಸುವ ಹಕ್ಕು ಇದೆಯೇ ಎಂಬ ಅಳುಕು ನನ್ನನ್ನು ಬಹಳ ದಿನ ಕಾಡಿತು. ಅದಕ್ಕೆ ಸಮಾಧಾನ ಸಿಕ್ಕಿದ್ದು ಅಮೆರಿಕದ ಜೀವವಿಜ್ಞಾನಿ ವಿಲಿಯಂ ಬೀಬ್ ಅವರು ಕಡಲಾಳಕ್ಕೆ ಇಳಿದ ಕಥೆಯಲ್ಲಿ. 1934ರ ಆಗಸ್ಟ್ 15ರಂದು ಬರ್ಮುಡಾದ ಬಳಿ ಅವರೂ ಓಟಿಸ್ ಬಾರ್ಟನ್ ಅವರೂ ಉಕ್ಕಿನ ಗೋಳವೊಂದರೊಳಗೆ ಕುಳಿತು, ತಂತಿಹಗ್ಗದ ತುದಿಯಲ್ಲಿ ತೂಗುತ್ತ 923 ಮೀಟರ್ ಆಳಕ್ಕೆ ಇಳಿದರು. ಗೋಳದಿಂದ ಮೇಲಿನ ಹಡಗಿಗೆ ದೂರವಾಣಿಯ ತಂತಿ ಇತ್ತು; ಕಿಟಕಿಯಾಚೆ ಕಂಡದ್ದನ್ನು ಬೀಬ್ ಹೇಳುತ್ತಿದ್ದರು, ಮೇಲೆ ಅವರ ಸಹೋದ್ಯೋಗಿ ಗ್ಲೋರಿಯಾ ಹಾಲಿಸ್ಟರ್ ಕೇಳಿ ಬರೆದುಕೊಳ್ಳುತ್ತಿದ್ದರು. ಆ ವರ್ಣನೆಗಳನ್ನು ಆಧರಿಸಿ ಎಲ್ಸ ಬಾಸ್ಟಲ್‌ಮನ್ ಎಂಬ ಕಲಾವಿದೆ ಆ ಜೀವಿಗಳ ಬಣ್ಣದ ಚಿತ್ರಗಳನ್ನು ಬರೆದರು. ಅಷ್ಟು ಆಳಕ್ಕೆ ಎಂದೂ ಇಳಿಯದೆ, ಇನ್ನೊಬ್ಬರ ಮಾತಿನ ಮೂಲಕ ಬಂದ ಬಣ್ಣವನ್ನು ನಂಬಿ ಕುಂಚ ಹಿಡಿದ ಆಕೆಯನ್ನು ನಾನು ಈ ಕೆಲಸದಲ್ಲಿ ನನ್ನ ಹಿರಿಯಕ್ಕ ಎಂದೇ ಭಾವಿಸಿದ್ದೇನೆ.

ನನ್ನ ಪಾಲಿನ ದೂರವಾಣಿ ತಂತಿ ಎಂದರೆ, ದೂರದಿಂದ ನಡೆಸುವ ಯಂತ್ರಗಳು ಆಳದಿಂದ ಕಳುಹಿಸುವ ವಿಡಿಯೊಗಳು. ನೇರ ಪ್ರಸಾರವನ್ನೇ ನೋಡುತ್ತೇನೆ. ಸಂಕಲಿಸಿ ಸಂಗೀತ ಸೇರಿಸಿದ ತುಣುಕುಗಳನ್ನು ಆದಷ್ಟೂ ನೋಡುವುದಿಲ್ಲ. ಸಂಕಲಿಸಿದ ವಿಡಿಯೊದಲ್ಲಿ ಅದ್ಭುತಗಳು ಸಾಲಾಗಿ ಬರುತ್ತವೆ, ನೇರ ಪ್ರಸಾರದಲ್ಲಿ ಗಂಟೆಗಟ್ಟಲೆ ಕೆಸರು, ಕತ್ತಲು, ಉದುರುವ ಕಣಗಳು; ಆ ಬೇಸರದ ನಡುವೆ ಏನೋ ಒಂದು ಹಾಯುತ್ತದೆ. ಹೈಕುವಿಗೆ ಬೇಕಾದ ಮೌನ ಇರುವುದು ಆ ಕಾಯುವಿಕೆಯಲ್ಲಿಯೇ. ನೋಡುತ್ತಿರುವಾಗ ಪದ್ಯ ಬರೆಯುವುದಿಲ್ಲ. ಆಳ ಎಷ್ಟು, ಬೆಳಕು ಯಾರದು, ಜೀವಿ ಏನು ಮಾಡಿತು ಎಂಬ ಮೂರನ್ನಷ್ಟೇ ಟಿಪ್ಪಣಿ ಪುಸ್ತಕದಲ್ಲಿ ಗುರುತಿಸಿಕೊಳ್ಳುತ್ತೇನೆ. ‘ಸುಂದರ’, ‘ಅದ್ಭುತ’, ‘ಮೋಹಕ’ ಎಂಬ ಪದಗಳು ಟಿಪ್ಪಣಿಗೂ ಬರದಂತೆ ನೋಡಿಕೊಳ್ಳುತ್ತೇನೆ, ಏಕೆಂದರೆ ಟಿಪ್ಪಣಿಗೆ ಬಂದದ್ದು ಹೇಗೋ ಪದ್ಯಕ್ಕೂ ನುಸುಳುತ್ತದೆ.

ಬೆಳಕು ಯಾರದು ಎಂಬ ಪ್ರಶ್ನೆಗೆ ಅಲ್ಲಿ ಹೆಚ್ಚಾಗಿ ಸಿಗುವ ಉತ್ತರ, ಆ ಜೀವಿಯದೇ ಎಂಬುದು. ಕ್ಯಾಲಿಫೋರ್ನಿಯಾದ ಕಡಲಿನಲ್ಲಿ 17 ವರ್ಷಗಳ ಕಾಲ ಯಂತ್ರಗಳು ತೆಗೆದ ವಿಡಿಯೊಗಳಿಂದ ಮೂರೂವರೆ ಲಕ್ಷಕ್ಕೂ ಹೆಚ್ಚು ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಡುನೀರಿನಲ್ಲಿ ಕಂಡ ಪ್ರಾಣಿಗಳಲ್ಲಿ ನೂರಕ್ಕೆ 76 ತಾವೇ ಬೆಳಕು ಸೂಸಬಲ್ಲವು. ಆ ಬೆಳಕು ಬಹುತೇಕ ನೀಲಿ, ಏಕೆಂದರೆ ನೀರಿನಲ್ಲಿ ದೂರ ಸಾಗುವುದು ನೀಲಿಯೇ. ಅಟೋಲಾ ಎಂಬ ಲೋಳೆಮೀನು ತನ್ನನ್ನು ಯಾವುದಾದರೂ ಹಿಡಿದಾಗ ಮೈಯ ಅಂಚಿನಲ್ಲಿ ನೀಲಿ ಬೆಳಕನ್ನು ಚಕ್ರದಂತೆ ತಿರುಗಿಸುತ್ತದೆ. ಅದನ್ನು ಕಂಡು ಇನ್ನೂ ದೊಡ್ಡ ಬೇಟೆಗಾರ ಬಂದರೆ, ಹಿಡಿದ ಪ್ರಾಣಿ ಅಟೋಲಾವನ್ನು ಬಿಟ್ಟು ಓಡುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಕಡಲ ಜೀವವಿಜ್ಞಾನಿ ಎಡಿತ್ ವಿಡರ್ ಅವರು ಇದೇ ಬೆಳಕನ್ನು ಅನುಕರಿಸುವ ದೀಪವೊಂದನ್ನು ಮಾಡಿ, 2012ರಲ್ಲಿ ಜಪಾನಿನ ಕಡಲಿನಲ್ಲಿ ದೈತ್ಯ ಸ್ಕ್ವಿಡ್ ಎಂಬ ಬೃಹತ್ ಕಡಲಜೀವಿ ಕ್ಯಾಮೆರಾದ ಬಳಿ ಬರುವಂತೆ ಮಾಡಿದರು. ಇಷ್ಟೆಲ್ಲವನ್ನೂ 17 ಅಕ್ಷರಗಳಲ್ಲಿ ಹೇಳಲಾಗದು, ಹೇಳಲೂಬಾರದು. ನಾನು ಉಳಿಸಿಕೊಂಡದ್ದು ಇಷ್ಟು:

ಕಚ್ಚಿದ ಕ್ಷಣ
ನೀಲಿ ಚಕ್ರ ತಿರುಗಿ—
ಬಂತು ಇನ್ನೊಂದು

ಇನ್ನೊಂದು ಏನು ಎಂದು ಹೇಳದೆ ಬಿಡುವುದಕ್ಕೆ ಧೈರ್ಯ ಬೇಕಾಯಿತು. ಓದಿಕೊಂಡದ್ದನ್ನು ಓದುಗರಿಗೂ ಒಪ್ಪಿಸಬೇಕೆಂಬ ಹಂಬಲ ಈ ವಸ್ತುವಿನ ದೊಡ್ಡ ತೊಡಕು. ವಿವರಣೆ ಒಳಗೆ ಬಂದ ಕೂಡಲೇ ಹೈಕು ಪಾಠವಾಗಿಬಿಡುತ್ತದೆ. ನಡುಗಡಲಿನಲ್ಲಿ ಬಾಚಣಿಗೆ ಲೋಳೆ (ಕೋಂಬ್ ಜೆಲ್ಲಿ) ಎಂಬ, ಕೆಂಪು ಹೊಟ್ಟೆಯ ಜೀವಿಯೊಂದಿದೆ. ಅದು ನುಂಗಿದ ಜೀವಿಗಳು ಒಳಗೆ ಮಿನುಗಿದರೂ ಆ ನೀಲಿ ಬೆಳಕು ಹೊರಗೆ ಸೋರಿ ಶತ್ರುಗಳನ್ನು ಕರೆಯದಂತೆ ಹೊಟ್ಟೆಯ ಕೆಂಪು ತಡೆಯುತ್ತದೆ ಎಂದು ಹೇಳುತ್ತಾರೆ. ನನ್ನ ಮೊದಲ ಕರಡು ಪಾಠವೇ ಆಗಿತ್ತು:

ನುಂಗಿದ ಮಿಂಚು
ಹೊರಗೆ ಕಾಣದಂತೆ
ಕೆಂಪು ಜಠರ

‘ಕಾಣದಂತೆ’ ಎಂಬುದು ಕಾರಣವನ್ನು ಹೇಳಿ ಮುಗಿಸುತ್ತದೆ, ‘ಜಠರ’ ಪಠ್ಯಪುಸ್ತಕದಿಂದ ಎದ್ದು ಬಂದ ಪದ. ಒಂದು ವಾರ ಬಿಟ್ಟು ತಿದ್ದಿದೆ:

ನುಂಗಿದ ಮಿಂಚು
ಕೆಂಪು ಹೊಟ್ಟೆಯೊಳಗೆ
ಇನ್ನೂ ಆರಿಲ್ಲ

ಕಾರಣ ಹೋಯಿತು, ಕಾಲ ಬಂತು. ‘ಇನ್ನೂ’ ಎಂಬ ಒಂದು ಪದದಿಂದ ಒಳಗೆ ಒಂದು ಜೀವ ಉಳಿದುಕೊಂಡಿದೆ ಎಂಬುದೂ ತಿಳಿಯುತ್ತದೆ. ಇದುವರೆಗಿನ ನನ್ನ ಪದ್ಯಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಇದೇ.

ಲೆಕ್ಕದ ಬಗ್ಗೆಯೂ ಹೇಳಬೇಕು. ಜಪಾನಿನ ಹೈಕುವಿನಲ್ಲಿ ಎಣಿಸುವ ಘಟಕ ನಮ್ಮ ಅಕ್ಷರಕ್ಕಿಂತ ಮಾತ್ರೆಗೆ ಹತ್ತಿರ: ಅಲ್ಲಿ ದೀರ್ಘ ಸ್ವರಕ್ಕೆ ಎರಡು ಎಣಿಕೆ, ಒತ್ತಿಗೂ ಒಂದು ಎಣಿಕೆ. ಹಾಗಾಗಿ 17 ಮಾತ್ರೆಗಳಲ್ಲಿ ಬರೆಯುವುದೇ ನಿಷ್ಠೆ ಎಂದುಕೊಂಡು ಪ್ರಯತ್ನಿಸಿದೆ. ‘ಕೆಂಪು ಸೀಗಡಿ’ ಎಂಬ ಎರಡು ಪದಗಳಿಗೇ ಏಳು ಮಾತ್ರೆಗಳಾಗಿ ನಡುವಿನ ಸಾಲು ಮುಗಿದುಹೋಯಿತು. ವಿಭಕ್ತಿ ಪ್ರತ್ಯಯಗಳನ್ನು ಪದಕ್ಕೇ ಅಂಟಿಸಿಕೊಳ್ಳುವ ಕನ್ನಡದಲ್ಲಿ ಆ ಅಳತೆ ಉಸಿರುಗಟ್ಟಿಸುತ್ತದೆ ಎಂದು ನನಗೆ ಅನ್ನಿಸಿ ಅಕ್ಷರಗಣನೆಗೇ ಮರಳಿದೆ. ಇದಕ್ಕೆ ಬದಲಾಗಿ ಕನ್ನಡ ಕೊಡುವ ಅನುಕೂಲಗಳೂ ಇವೆ. ‘ಇದೆ’, ‘ಆಗಿದೆ’ ಎಂಬ ಕ್ರಿಯಾಪದಗಳಿಲ್ಲದೆಯೇ ನಮ್ಮ ವಾಕ್ಯ ನಿಲ್ಲುತ್ತದೆ. ಕಡುಗೆಂಪು, ನಸುಗೆಂಪು, ಎಳೆನೀಲಿ ಎಂಬ ಸಮಾಸಗಳು ನಾಲ್ಕೇ ಅಕ್ಷರಗಳಲ್ಲಿ ಬಣ್ಣವನ್ನೂ ಅದರ ಹದವನ್ನೂ ಹಿಡಿದುಕೊಡುತ್ತವೆ. ಆಳದ ಕೆಸರನ್ನು ತಿಂದು, ಅಲ್ಲಿಂದ ಮೇಲೆದ್ದು ಈಜುವ ಸಮುದ್ರ ಸೌತೆ ಎಂಬ ಪ್ರಾಣಿಯೊಂದರ ಮೈ ಎಷ್ಟು ತೆಳುವೆಂದರೆ, ಕರುಳಿನ ಸುರುಳಿ ಹೊರಗೇ ಕಾಣುತ್ತದೆ. ಅದನ್ನು ನೋಡಿದ ಸಂಜೆ ಈ ಪದ್ಯ ತಿದ್ದುಪಡಿಯಿಲ್ಲದೆ ಬಂತು:

ನಸುಗೆಂಪು ಮೈ—
ಒಳಗಿನ ಕೆಸರೂ
ಕಾಣುವ ಹಾಗೆ

ಋತುವನ್ನು ಸೂಚಿಸುವ ಪದ ಹೈಕುವಿನಲ್ಲಿ ಇರಬೇಕೆಂಬುದು ಹಳೆಯ ನಿಯಮ. ಬಿಸಿಲೂ ಮಳೆಯೂ ಇಲ್ಲದ, ನೀರು ಸದಾ ತಣ್ಣಗಿರುವ ಕಡೆ ಋತುವನ್ನು ಎಲ್ಲಿಂದ ತರುವುದು? ಈ ನಿಯಮವನ್ನು ಕೈಬಿಡುವುದೇ ಸರಿ ಎಂದು ನಾನು ಬಹುಕಾಲ ನಂಬಿದ್ದೆ. ಆದರೆ ಮೇಲಿನ ನೀರಿನಲ್ಲಿ ಸತ್ತ ಸೂಕ್ಷ್ಮಜೀವಿಗಳ ಚೂರುಗಳೂ ಪ್ರಾಣಿಗಳ ಮಲವೂ ಲೋಳೆಯೂ ಹೆಪ್ಪುಗಟ್ಟಿ ಬಿಳಿಯ ಚಕ್ಕೆಗಳಾಗಿ ಸತತವಾಗಿ ಆಳಕ್ಕೆ ಉದುರುತ್ತಿರುತ್ತವೆ, ಇದನ್ನು ಕಡಲ ಹಿಮ ಎನ್ನುತ್ತಾರೆ. ವಸಂತದಲ್ಲಿ ಮೇಲ್ಪದರದ ಸಸ್ಯಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸಸ್ಯದಂಥ ಸೂಕ್ಷ್ಮಜೀವಿಗಳು, ಹುಲುಸಾಗಿ ಬೆಳೆದು ಸತ್ತಾಗ ಆ ಹಿಮ ದಟ್ಟವಾಗಿ ಸುರಿದು, ಕೆಲವೇ ವಾರಗಳಲ್ಲಿ ಸಾವಿರಾರು ಮೀಟರ್ ಕೆಳಗಿನ ತಳವನ್ನು ಮುಟ್ಟುತ್ತದೆ. ಈಶಾನ್ಯ ಅಟ್ಲಾಂಟಿಕ್‌ನಲ್ಲಿ ಇದನ್ನು 1980ರ ದಶಕದಿಂದಲೇ ಗುರುತಿಸಿದ್ದಾರೆ. ತಳದಲ್ಲಿಯೂ ಋತು ಇದೆ; ತಡವಾಗಿ ಬರುತ್ತದೆ, ಅಷ್ಟೇ.

ಮೇಲೆ ವಸಂತ
ಮುಗಿದ ಮೇಲೆ ಇಲ್ಲಿ
ಹಿಮದ ಕಾಲ

‘ಮೇಲೆ’ ಎಂಬ ಪದಕ್ಕೆ ಎತ್ತರದ ಅರ್ಥವೂ ‘ಅನಂತರ’ ಎಂಬ ಅರ್ಥವೂ ಇರುವುದರಿಂದ, ಆಳವೂ ಕಾಲವೂ ಇಲ್ಲಿ ಒಂದೇ ಪದದಲ್ಲಿ ಕೂಡಿಕೊಂಡವು. ಅದು ನನ್ನ ಜಾಣತನವಲ್ಲ, ಭಾಷೆ ತಾನಾಗಿ ಕೊಟ್ಟದ್ದು.

ಲೆಕ್ಕವನ್ನು ಬೇಕೆಂದೇ ಮುರಿದದ್ದು ಒಂದು ಕಡೆ ಮಾತ್ರ. 1977ರಲ್ಲಿ ಗಲಪಗೋಸ್ ದ್ವೀಪಗಳ ಬಳಿ, ಸುಮಾರು 2500 ಮೀಟರ್ ಆಳದಲ್ಲಿ ಕಂಡುಹಿಡಿದ ಬಿಸಿನೀರಿನ ಬುಗ್ಗೆಗಳ ಸುತ್ತ, ಮನುಷ್ಯನೆತ್ತರಕ್ಕೆ ಬೆಳೆಯುವ ಕೊಳವೆ ಹುಳುಗಳಿವೆ. ಅವಕ್ಕೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಒಡಲೊಳಗಿನ ಬ್ಯಾಕ್ಟೀರಿಯಾಗಳೇ ಆಹಾರ ತಯಾರಿಸುತ್ತವೆ. ತುದಿಯ ಗರಿಗಳು ಕೆಂಪಾಗಿರುವುದು ನಮ್ಮ ರಕ್ತದಲ್ಲಿಯೂ ಇರುವ ಹಿಮೋಗ್ಲೋಬಿನ್‌ನಿಂದ.

ಬಾಯಿಯೇ ಇಲ್ಲ—
ಬಿಸಿನೀರಿನ ಬಳಿ
ಕೆಂಪು ಗರಿಗಳು

ಕೊನೆಯ ಸಾಲಿನಲ್ಲಿ ಆರು ಅಕ್ಷರಗಳಿವೆ. ‘ಕೆಂಪನೆ ಗರಿ’ ಎಂದಿದ್ದರೆ ಐದಕ್ಕೆ ಸರಿಹೋಗುತ್ತಿತ್ತು. ಆದರೆ ಅಲ್ಲಿ ನಿಂತಿರುವುದು ಒಂಟಿ ಗರಿಯಲ್ಲ, ಗರಿಗಳ ಪೊದೆ. ಲೆಕ್ಕಕ್ಕಾಗಿ ಪೊದೆಯನ್ನು ಕಡಿಯಲು ಮನಸ್ಸಾಗಲಿಲ್ಲ.

ಈಚೆಗೆ ನನ್ನನ್ನು ಹಿಡಿದಿಟ್ಟಿರುವುದು ಬಣ್ಣವೇ ಇಲ್ಲದ ಮೀನುಗಳು. ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 0.5ಕ್ಕಿಂತಲೂ ಕಡಿಮೆಯನ್ನು ಹಿಂದಿರುಗಿಸುವ, ಉಳಿದದ್ದನ್ನೆಲ್ಲ ಚರ್ಮದಲ್ಲಿ ಒತ್ತಾಗಿ ಜೋಡಿಸಿದ ಕಪ್ಪು ವರ್ಣಕಣಗಳಲ್ಲಿ ನುಂಗಿಬಿಡುವ 16 ಜಾತಿಯ ಮೀನುಗಳ ಬಗ್ಗೆ 2020ರಲ್ಲಿ ವಿವರಗಳು ಪ್ರಕಟವಾದವು. ಅವುಗಳ ಛಾಯಾಚಿತ್ರ ತೆಗೆಯುವುದೇ ಕಷ್ಟ. ಚಿತ್ರದಲ್ಲಿ ಕಣ್ಣು, ಹಲ್ಲು, ಸುತ್ತಲಿನ ಅಂಚು ಬಿಟ್ಟರೆ ಉಳಿದದ್ದೆಲ್ಲ ಬರಿಯ ಆಕೃತಿ. ನನ್ನ ಹಳೆಯ ಪ್ರಶ್ನೆಗೆ ಈ ಮೀನು ಉತ್ತರ ಕೊಡುವುದಿಲ್ಲ: ಇಲ್ಲಿ ಬೆಳಕು ಯಾರದಾದರೂ ಒಂದೇ. ಆರು ಕರಡುಗಳಲ್ಲಿ ಮೀನನ್ನು ಕಪ್ಪು ಎಂದು ಕರೆದು, ಏಳನೆಯದರಲ್ಲಿ ಆ ಪದವನ್ನೇ ಬಿಟ್ಟೆ:

ದೀಪದ ಮುಂದೆ
ಮೀನಿನ ಆಕಾರದ
ಕತ್ತಲು ಹಾಯ್ತು