ಮಳೆಕಾಡಿನ ಜೇಡಗಳನ್ನು ಎಣಿಸುವುದು ಹೇಗೆ?

ಮಳೆಕಾಡಿಗೆ ಹಗಲಲ್ಲಿ ಹೋದವರು ನಾಲ್ಕಾರು ಬಲೆ ನೋಡಿ ವಾಪಸ್ ಬರುತ್ತಾರೆ. ಅದೇ ಜಾಗಕ್ಕೆ ಕತ್ತಲಾದ ಮೇಲೆ ಹೋಗಿ ನೋಡಿ. ಎಲೆಯ ಅಡಿ, ತೊಗಟೆಯ ಬಿರುಕು, ಬೇರಿನ ಸಂದು, ಎಲ್ಲಿ ನೋಡಿದರೂ ಜೇಡ! ಜಗತ್ತಿನಲ್ಲಿ ಈವರೆಗೆ ಹೆಸರಿಟ್ಟ ಜೇಡದ ಜಾತಿಗಳೇ 50,000ಕ್ಕೂ ಜಾಸ್ತಿ. ಹೆಸರಿಲ್ಲದವು ಈ ಕಾಡುಗಳಲ್ಲಿ ಇನ್ನೂ ಬೇಕಾದಷ್ಟಿವೆ. ಸುಮ್ನೆ ಅಡ್ಡಾಡಿದರೆ ಇವು ಲೆಕ್ಕಕ್ಕೆ ಸಿಗುವುದಿಲ್ಲ.

ಮೊದಲು ಕಾಡಿಗೆ ಹೋಗಲು ಅನುಮತಿ ಪಡೆಯಿರಿ. ಒಬ್ಬರೇ ಹೋಗಬೇಡಿ. ಹೆಡ್‌ಲ್ಯಾಂಪ್, ನೀರಿನ ಸ್ಪ್ರೇ ಬಾಟಲಿ, ಬಿಳಿ ಬಟ್ಟೆ, ಕ್ಯಾಮೆರಾ, ನೋಟ್‌ಬುಕ್ ಸಾಕು.

ಆಮೇಲೆ ಹುಡುಕಾಟವನ್ನು ಒಂದೊಂದು ಗಂಟೆಯ ಪಾಳಿಗಳಾಗಿ ಹಂಚಿಕೊಳ್ಳಿ. ಜೇಡ ವಿಜ್ಞಾನಿ ಜೊನಾಥನ್ ಕಾಡಿಂಗ್ಟನ್ ಮತ್ತು ಜೊತೆಗಾರರು 1991ರಲ್ಲಿ ಉಷ್ಣವಲಯದ ಕಾಡುಗಳಿಗಾಗಿ ರೂಪಿಸಿದ ಕ್ರಮ ಇದು. ಮೊಣಕಾಲಿನಿಂದ ಕೆಳಗೆ ಒಂದು ಗಂಟೆ, ಅಲ್ಲಿಂದ ಕೈ ಎಟುಕುವ ಎತ್ತರದವರೆಗೆ ಒಂದು ಗಂಟೆ, ಕೊಂಬೆ ಬಡಿದು ಕೆಳಗೆ ಹಿಡಿದ ಬಟ್ಟೆಗೆ ಬೀಳಿಸಿ ಒಂದು ಗಂಟೆ. ಸಮಯ ಒಂದೇ ಆದ್ದರಿಂದ ಒಂದು ಕಾಡನ್ನು ಇನ್ನೊಂದರ ಜೊತೆ ಹೋಲಿಸಬಹುದು.

ಹೆಡ್‌ಲ್ಯಾಂಪ್ ಹಣೆಯ ಮೇಲೇ ಇರಲಿ. ತೋಳ ಜೇಡದ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಬಂದ ದಾರಿಗೇ ತಿರುಗಿಸುವ ಪದರವಿದೆ. ದೀಪ ನಿಮ್ಮ ಕಣ್ಣಿನ ಪಕ್ಕದಲ್ಲಿದ್ದರೆ ಮಾತ್ರ ನೆಲದ ಮೇಲಿನ ಆ ಕಣ್ಣುಗಳ ಹಸಿರು ಹೊಳಪು ನಿಮಗೆ ಕಾಣುತ್ತದೆ. ಟಾರ್ಚನ್ನು ಸೊಂಟದ ಹತ್ತಿರ ಹಿಡಿದರೆ ಕಾಣುವುದಿಲ್ಲ.

ಬಲೆ ಕಾಣದಿದ್ದರೆ ನೀರನ್ನು ಮಂಜಿನ ಹಾಗೆ ಸಿಂಪಡಿಸಿ. ಇಲ್ಲಿ ಅವಸರ ಬೇಡ. ನೆಫಿಲಾ ಎಂಬ ದೊಡ್ಡ ಜೇಡದ ಚಿನ್ನದ ಬಣ್ಣದ ಬಲೆ ಸಿಕ್ಕಿತು ಅಂದುಕೊಳ್ಳಿ. ನಡುವೆ ಕೂತ ದೊಡ್ಡ ಹೆಣ್ಣನ್ನು ಬರೆದುಕೊಂಡು ಮುಂದೆ ನಡೆಯಬೇಡಿ. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಗಂಡು ಇರಬಹುದು. ಬೆಳ್ಳಿ ಹನಿಯಂಥ ಪುಟ್ಟ ಆರ್ಗೈರೋಡಿಸ್ ಕೂಡ ಇರಬಹುದು. ಅದು ಬೇರೆಯೇ ಜಾತಿ, ಒಡತಿಯ ಬಲೆಯಲ್ಲಿ ಬಿದ್ದ ಕೀಟಗಳನ್ನು ಕದ್ದು ತಿನ್ನುವ ಜೇಡ. ಒಂದೇ ಬಲೆ, ಎರಡು ಜಾತಿ. ಮಳೆಕಾಡಿನ ಸಿರಿವಂತಿಕೆ ಅಡಗಿರುವುದು ಇಂಥ ಸಂದುಗಳಲ್ಲೇ, ಅಲ್ವಾ?

ಎಲೆಯ ಮೇಲಿನ ಇರುವೆಗಳ ಕಾಲನ್ನೂ ಎಣಿಸಿ. ಮಿರ್ಮರಾಕ್ನೆ ಎಂಬ ಜಿಗಿಯುವ ಜೇಡ ಮುಂಗಾಲೆತ್ತಿ ಮೀಸೆಯ ಹಾಗೆ ಆಡಿಸುತ್ತದೆ. ಎಂಟು ಕಾಲಿದ್ದರೆ ಅದು ಇರುವೆಯಲ್ಲ.

ಜಾತಿ ಗುರುತಿಸುವುದು ಕಷ್ಟದ ಕೆಲಸ. ಹೆಚ್ಚಿನ ಜೇಡಗಳ ಜಾತಿ ಖಚಿತವಾಗುವುದು ಬೆಳೆದ ಜೇಡದ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ. ಮರಿಗಳನ್ನು ಬೇರೆ ಪಟ್ಟಿಯಲ್ಲಿ ಇಡಿ. ಹೆಸರು ಗೊತ್ತಿಲ್ಲದ್ದಕ್ಕೆ ಊಹಿಸಿ ಹೆಸರು ಕೊಡಬೇಡಿ. ‘ಬಗೆ 1’, ‘ಬಗೆ 2’ ಎಂದು ಫೋಟೊ ಸಮೇತ ಬರೆಯಿರಿ. ಕಣ್ಣುಗಳ ಸಾಲು ಕಾಣುವಂತೆ ಮುಖದ ಫೋಟೊ ಒಂದು ಇರಲೇಬೇಕು, ಕುಟುಂಬ ಪತ್ತೆಗೆ ಅದು ದೊಡ್ಡ ಸುಳಿವು.

ಈಗ ನನಗೆ ತುಂಬ ಇಷ್ಟವಾದ ಹಂತ. ಪಟ್ಟಿಯಲ್ಲಿ ಒಂದೇ ಒಂದು ಸಲ ಸಿಕ್ಕ ಜಾತಿಗಳು ಬಹಳ ಇರುತ್ತವೆ. ಮಳೆಕಾಡಿನಲ್ಲಿ ಇದು ಮಾಮೂಲು. ಅವನ್ನು ಹೊಡೆದುಹಾಕಬೇಡಿ, ಕಣ್ಣಿಗೆ ಬೀಳದೆ ಉಳಿದವುಗಳ ಸುಳಿವು ಅವುಗಳಲ್ಲೇ ಇದೆ. ಒಟ್ಟು 60 ಜಾತಿ ಸಿಕ್ಕಿವೆ ಎನ್ನಿ. 20 ಜಾತಿಗಳಲ್ಲಿ ಒಂದೊಂದೇ ಜೇಡ, 10 ಜಾತಿಗಳಲ್ಲಿ ಎರಡೆರಡು. 20ನ್ನು 20ರಿಂದ ಗುಣಿಸಿದರೆ 400. ಅದನ್ನು 10ರ ಎರಡರಷ್ಟಾದ 20ರಿಂದ ಭಾಗಿಸಿದರೆ 20. ಅಂದರೆ ಕಡಿಮೆಯೆಂದರೂ ಇನ್ನು 20 ಜಾತಿ ನಿಮ್ಮ ಕಣ್ಣು ತಪ್ಪಿಸಿವೆ ಎಂಬ ಅಂದಾಜು. ಚಾವೋ ಸೂತ್ರ ಎನ್ನುವುದು ಇದನ್ನೇ.

ಒಂದೊಂದೇ ಸಿಕ್ಕವು ಕಡಿಮೆಯಾಗುವ ತನಕ ಪಾಳಿಗಳನ್ನು ಮುಂದುವರಿಸಿ. ಇನ್ನೊಂದು ಋತುವಿನಲ್ಲಿ ಅದೇ ಜಾಗಕ್ಕೆ ಮತ್ತೆ ಹೋಗಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ‘ಕೈ ಎಟುಕುವ ಎತ್ತರದವರೆಗೆ ಮಾತ್ರ’ ಎಂದು ಬರೆದಿಡಿ. ಮರದ ನೆತ್ತಿಯ ಜೇಡಗಳು ಈ ಲೆಕ್ಕದಲ್ಲಿ ಇಲ್ಲ.